‘ಗಾಡಿ ಸಮಾಚಾರ’ದ ಒಂಬತ್ತು ನಿಮಿಷ

ಅಧ್ಯಕ್ಷ ಸ್ಥಾನದಲ್ಲಿರುವ ಶ್ರೀ ಕೋದಂಡರಾಮಪ್ಪನವರೇ, ಬೆಂಗಳೂರಿನಿಂದ ಬಂದಿರುವ ವಾಹಿನಿಯ ಮಿತ್ರರೇ, ಇಂದು ಸನ್ಮಾನ ಸ್ವೀಕರಿಸಲಿರುವ ನನ್ನ ಸೋದರಳಿಯ ಸುಮಧ್ವನೇ, ಮುಳಬಾಗಿಲಿನ ಸಭಿಕರೇ,

2025ರ ಫೆಬ್ರವರಿ ಹದಿನಾರು, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ಈ ಊರಿನ ಒಬ್ಬ ಮನುಷ್ಯನ ಮೇಲೆ ಸುಳ್ಳು ಅಪವಾದ ಹೊರಿಸಲಾಯಿತು. ಹೊರಿಸಿದ್ದು, ಇಂದು ವಾಹಿನಿಯ ಲೆಕ್ಕದಲ್ಲಿ ಐನೂರನೇ ಕಂತಿನ ಹಾರ ಹಾಕಿಸಿಕೊಳ್ಳುತ್ತಿರುವ ‘ಗಾಡಿ ಸಮಾಚಾರ’. ಹೊತ್ತವರು, ತಾಯಲೂರು ರಸ್ತೆಯ ಮೆಕ್ಯಾನಿಕ್ ನರಸಿಂಹಪ್ಪ. ಅಭಿನಂದನಾ ಭಾಷಣ ಹೀಗೆ ಶುರುವಾಗಬಾರದು ಎಂದು ನನಗೂ ಗೊತ್ತು. ಮೊದಲ ಸಾಲಿನಲ್ಲಿ ಕುಳಿತಿರುವ ನನ್ನ ಅಕ್ಕ ತುಳಸಮ್ಮ ಈಗಾಗಲೇ ತಲೆ ತಗ್ಗಿಸಿದ್ದಾಳೆ. ಬೆಳಿಗ್ಗೆಯೇ ಮನೆಗೆ ಬಂದು ಹೇಳಿದ್ದಳು: “ಕೃಷ್ಣಮೂರ್ತಿ, ಅವನು ನಿನ್ನ ಅಳಿಯ ಕಣೋ. ಊರ ಮುಂದೆ ಅವನ ಮಾನ ಕಳೀಬೇಡ.” ಅಕ್ಕ, ಆ ಇನ್ನೊಬ್ಬನ ಮಾನವನ್ನು ರಾಜ್ಯದ ಮುಂದೆ ಕಳೆದರಲ್ಲ?

ಈ ಕಾರ್ಯಕ್ರಮದ ಚರಿತ್ರೆ ಹೇಳಲು ನನ್ನನ್ನು ಕರೆದಿದ್ದೀರಿ. ಹೇಳುತ್ತೇನೆ.

‘ಗಾಡಿ ಸಮಾಚಾರ’ ಹುಟ್ಟಿದ್ದು 2002ರಲ್ಲಿ, ಬಸ್ ನಿಲ್ದಾಣದ ಎದುರು, ಕೇಬಲ್ ಆಫೀಸಿನ ಮಹಡಿಯ ಮೇಲೆ. ಒಂದು ಕ್ಯಾಮೆರಾ, ಒಂದು ಟ್ಯೂಬ್‌ಲೈಟ್. ಬರೆಯುವವನು ನಾನು, ಮಾತಾಡುವವನು ಆಗ ಬಿ.ಕಾಂ. ಓದುತ್ತಿದ್ದ ಸುಮಧ್ವ. ಮೂರು ಭಾಗ ಮಾಡಿದೆವು. ಮೊದಲನೆಯದು ‘ಗಾಡಿ ಜಾತಕ’: ಮಾಲೀಕನು ತನ್ನ ಗಾಡಿಯ ಕಥೆಯನ್ನು ತಾನೇ ಹೇಳಬೇಕು. ಎರಡನೆಯದು ‘ಹೊಟ್ಟೆ ಕೆಳಗೆ’: ಕ್ಯಾಮೆರಾ ಗಾಡಿಯ ಅಡಿಗೆ ನುಗ್ಗಿ ಒಂದೊಂದು ಭಾಗವನ್ನೂ ಹತ್ತಿರದಿಂದ ತೋರಿಸಬೇಕು. ಮೂರನೆಯದು ‘ದಿಣ್ಣೆ ಪರೀಕ್ಷೆ’: ಕುರುಡುಮಲೆ ಕಡೆಯ ಏರು ಹತ್ತಿಸಿ, ಇಳಿಸಿ, ಬ್ರೇಕ್ ಹಾಕಿ ನಿಲ್ಲಿಸಬೇಕು. ಜನ ಇದನ್ನು ಎಷ್ಟು ಹಚ್ಚಿಕೊಂಡರೆಂದರೆ, ಶನಿವಾರ ಸಂಜೆ ಆರಕ್ಕೆ ಆಟೋ ಸಿಗುತ್ತಿರಲಿಲ್ಲ. ಡ್ರೈವರುಗಳೆಲ್ಲ ಹೋಟೆಲಿನ ಟೀವಿ ಮುಂದೆ. 2015ರಲ್ಲಿ ಬೆಂಗಳೂರಿನ ವಾಹಿನಿ ಬಂದು ಕಾರ್ಯಕ್ರಮವನ್ನು ಎತ್ತಿಕೊಂಡು ಹೋಯಿತು. ಹೆಸರು ಉಳಿಯಿತು, ಮೂರು ಭಾಗ ಉಳಿಯಿತು, ಸುಮಧ್ವ ಉಳಿದ. ನಾನು ಉಳಿಯಲಿಲ್ಲ. ಅದರ ಬೇಸರ ನನಗಿದೆಯೇ? ಇದೆ. ಆದರೆ ಇಂದಿನ ಮಾತು ಆ ಬೇಸರದಿಂದ ಬಂದದ್ದಲ್ಲ.

ಆ ಫೆಬ್ರವರಿಯ ಕಂತಿಗೆ ತಾಯಲೂರಿನ ಉಮೇಶನ ಹಳೆಯ ಜೀಪು ಆಯ್ಕೆಯಾಯಿತು. ಅದರ ಬ್ರೇಕ್ ಕೆಲಸವನ್ನು ಹಿಂದಿನ ವಾರವಷ್ಟೇ ನರಸಿಂಹಪ್ಪ ಮುಗಿಸಿದ್ದರು. ದಿಣ್ಣೆ ಇಳಿಯುವಾಗ ಸುಮಧ್ವ “ಬ್ರೇಕ್ ಹಿಡೀತಿಲ್ಲ! ಹಿಡೀತಿಲ್ಲ!” ಎಂದು ಕೂಗಿದ. ಜೀಪು ನುಗ್ಗಿ ಹುಲ್ಲಿನ ಮೆದೆಗೆ ಹೊಡೆದು ನಿಂತಿತು. ರಸ್ತೆಯ ತಿರುವಿನಲ್ಲಿ ಹುಲ್ಲಿನ ಮೆದೆ! ಹೊಲದ ಹುಲ್ಲನ್ನು ರಸ್ತೆಗೆ ತಂದು ಒಟ್ಟುವ ರೈತ ನಮ್ಮ ತಾಲ್ಲೂಕಿನಲ್ಲಿ ಎಲ್ಲಿದ್ದಾನೆ? ಆಮೇಲೆ ಸುಮಧ್ವ ಬೆವರು ಒರೆಸಿಕೊಂಡು ಹೇಳಿದ: “ವೀಕ್ಷಕರೇ, ನಿಮ್ಮ ಪ್ರಾಣ ಯಾರ ಕೈಗೆ ಕೊಡ್ತಿದ್ದೀರಿ, ಯೋಚನೆ ಮಾಡಿ.” ಹಿಂದೆಯೇ ಗ್ಯಾರೇಜಿನ ಚಿತ್ರ. ಬೋರ್ಡನ್ನು ಮಸುಕು ಮಾಡಿದ್ದರು. ಬೋರ್ಡಿನ ಪಕ್ಕದ, ಊರಿಗೆಲ್ಲ ಗುರುತಿರುವ ಹುಣಸೆ ಮರವನ್ನು ಮಸುಕು ಮಾಡಿರಲಿಲ್ಲ.

ಮರುವಾರವೇ ಶಾಲೆಯ ವ್ಯಾನುಗಳು ನರಸಿಂಹಪ್ಪನ ಹತ್ತಿರ ಬರುವುದು ನಿಂತಿತು. ಹೋಟೆಲಿನಲ್ಲಿ ಗೆಳೆಯರೇ ಕೇಳಿದರು: “ಏನ್ಲಾ ನರಸಿಂಹಪ್ಪ, ಬ್ರೇಕ್ ಹಾಕ್ತೀಯೋ, ಬಿಚ್ತೀಯೋ?” ನಲವತ್ತು ವರ್ಷ ಬ್ರೇಕಿನ ಕೆಲಸ ಮಾಡಿದ ಕೈ ಇಂದು ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದೆ.

ಕಳೆದ ತಿಂಗಳು ಅವರು ಫೋನು ಹಿಡಿದು ನನ್ನ ಮನೆಗೆ ಬಂದರು. “ಸ್ವಾಮಿ, ಇದನ್ನ ಒಂದ್ಸಲ ಚೂಡಂಡಿ” ಎಂದು ತೆಲುಗು ಬೆರೆಸಿ ಹೇಳಿ, ಆ ಕಂತನ್ನು ನೋಡಲು ಕೊಟ್ಟರು. ಇಲ್ಲಿನ ಡ್ರೈವರುಗಳಿಗೆಲ್ಲ ಗೊತ್ತಿರುವ ಸಂಗತಿ, ಬೆಂಗಳೂರಿನ ಮಿತ್ರರಿಗೆ ಗೊತ್ತಿರಲಾರದು: ಬ್ರೇಕ್ ಪೈಪಿನ ನಟ್ಟು ಬಿಗಿ ಮಾಡಿದ ಮೇಲೆ ನರಸಿಂಹಪ್ಪ ಉಗುರು ಬಣ್ಣದಿಂದ ನಟ್ಟು, ಪೈಪು ಎರಡಕ್ಕೂ ಸೇರಿಸಿ ಒಂದು ಕೆಂಪು ಗೀಟು ಎಳೆಯುತ್ತಾರೆ. ನರಸಿಂಹಪ್ಪನ ಬೊಟ್ಟು ಎಂದೇ ಅದಕ್ಕೆ ಹೆಸರು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೀಟು ಎರಡಾಗುತ್ತದೆ.

ಆ ಕಂತಿನ ಇಪ್ಪತ್ತೆರಡನೇ ನಿಮಿಷ, ‘ಹೊಟ್ಟೆ ಕೆಳಗೆ’ ಭಾಗ. ಬೊಟ್ಟು ನೆಟ್ಟಗಿದೆ. ಮೂವತ್ತೊಂದನೇ ನಿಮಿಷ, ಜೀಪು ಹುಲ್ಲಿಗೆ ಹೊಡೆದ ಮೇಲೆ, ಬ್ರೇಕ್ ಆಯಿಲ್ ಸೋರುವುದನ್ನು ತೋರಿಸಲು ಕ್ಯಾಮೆರಾ ಮತ್ತೆ ಅಡಿಗೆ ಹೋಗಿದೆ. ಅದೇ ನಟ್ಟು. ಗೀಟಿನ ಅರ್ಧ ಪೈಪಿನ ಮೇಲಿದೆ, ಇನ್ನರ್ಧ ನಟ್ಟಿನ ಆ ಬದಿಗೆ ಹೋಗಿದೆ. ಹುಲ್ಲಿಗೆ ಗುದ್ದಿದ ಮಾತ್ರಕ್ಕೆ ನಟ್ಟು ಅರ್ಧ ಸುತ್ತು ತಿರುಗುತ್ತದೆಯೇ? ಸ್ಪ್ಯಾನರ್ ಹಿಡಿದ ಕೈಯಿಲ್ಲದೆ ತಿರುಗುತ್ತದೆಯೇ?

ನಾನು ಸುಮಧ್ವನನ್ನು ಕೇಳಿದೆ. “ಬಿಡಿ ಮಾವ, ನಾವೇನು ಹೆಸರು ಹೇಳಿದ್ವಾ? ಇನ್ನಾರು ತಿಂಗಳಿಗೆ ಜನ ಮರೀತಾರೆ” ಎಂದ. “ಮರೆಯೋಕೆ ಆಗಲೇ ಒಂದು ವರ್ಷ ಕೊಟ್ಟಾಯ್ತಲ್ಲೋ, ಯಾರು ಮರೆತ್ರು?” ಎಂದೆ. ಆಗ ಅವನು ನನ್ನ ಮುಖವನ್ನೇ ನೋಡಿ ಹೇಳಿದ: “ಇದನ್ನ ಕಲಿಸಿದ್ದು ಯಾರು ಮಾವ?”

ಸಭಿಕರೇ, ಈ ಮಾತನ್ನು ಬರೆದುಕೊಂಡು ಬಂದಿರಲಿಲ್ಲ. ಆದರೂ ಹೇಳಲೇಬೇಕು. 2003ರಲ್ಲಿ ದಿಣ್ಣೆ ಪರೀಕ್ಷೆ ಬಹಳ ಸಪ್ಪೆಯಾಗುತ್ತಿತ್ತು. ಬಂದ ಗಾಡಿಯೆಲ್ಲ ಏರು ಹತ್ತಿಬಿಡುತ್ತಿತ್ತು. ಒಂದು ದಿನ ಹತ್ತಲು ಬಂದ ಸ್ಕೂಟರಿನ ಪೆಟ್ರೋಲ್ ನಲ್ಲಿಯನ್ನು, ಮಾಲೀಕರು ಟೀ ಕುಡಿಯಲು ಹೋದಾಗ, ನಾನೇ ಮುಚ್ಚಿದೆ. ಸ್ಕೂಟರು ಅರ್ಧ ಏರಿಗೆ ನಿಂತಿತು. ಊರೆಲ್ಲ ನಕ್ಕಿತು. “ಮಾವ, ಇದು ಸುಳ್ಳಲ್ವಾ?” ಎಂದು ಸುಮಧ್ವ ಕೇಳಿದ. “ಸುಳ್ಳಲ್ಲ ಕಣೋ, ಕಾರ್ಯಕ್ರಮ” ಎಂದೆ. ಆ ಮಾಲೀಕರು ನಗೆಪಾಟಲು ತಾಳಲಾರದೆ ಒಳ್ಳೆಯ ಸ್ಕೂಟರನ್ನು ಮಾರಿದರು. ಅವರು ಬೇರೆ ಯಾರೂ ಅಲ್ಲ, ಇಂದಿನ ನಮ್ಮ ಅಧ್ಯಕ್ಷರು. ಕೋದಂಡರಾಮಪ್ಪನವರೇ, ಗಾಡಿಯಲ್ಲಿ ದೋಷವಿರಲಿಲ್ಲ. ದೋಷ ನನ್ನದು. ಇಪ್ಪತ್ತಮೂರು ವರ್ಷ ತಡವಾಗಿ, ಎಲ್ಲರೆದುರು ಕ್ಷಮೆ ಕೇಳುತ್ತಿದ್ದೇನೆ. ನೀವು ನಗುತ್ತಿದ್ದೀರಿ, ಅದು ನಿಮ್ಮ ದೊಡ್ಡತನ. ನರಸಿಂಹಪ್ಪ ನಗುವ ಸ್ಥಿತಿಯಲ್ಲಿಲ್ಲ. ಅವರನ್ನು ಈ ಸಭೆಗೆ ಕರೆದೂ ಇಲ್ಲ.

ನಾನು ಉತ್ತರ ಕೊಟ್ಟಿದ್ದೇನೆ. ಇನ್ನು ನಿಮ್ಮ ಸರದಿ. ವಾಹಿನಿಯ ಮಿತ್ರರೇ, ಆ ಇಪ್ಪತ್ತೆರಡನೇ ನಿಮಿಷಕ್ಕೂ ಮೂವತ್ತೊಂದನೇ ನಿಮಿಷಕ್ಕೂ ನಡುವೆ ನೀವು ಚಿತ್ರಿಸಿದ್ದೆಲ್ಲವನ್ನೂ, ಒಂದು ಕತ್ತರಿಯನ್ನೂ ಆಡಿಸದೆ, ಐನೂರೊಂದನೇ ಕಂತಿನಲ್ಲಿ ಅದೇ ಭಾನುವಾರದ ಹನ್ನೊಂದು ಗಂಟೆಗೆ ತೋರಿಸಿ. ನರಸಿಂಹಪ್ಪನ ಹೆಸರನ್ನು ಆಗ ಮಸುಕಿಲ್ಲದೆ ಹೇಳಿ.

ಕೇಳಲು ಹಿತವಲ್ಲದ ಮಾತನ್ನು ಎದ್ದು ಹೋಗದೆ ಕೇಳಿದ್ದೀರಿ, ಎಲ್ಲರಿಗೂ ಋಣಿ. ನಿಮ್ಮೆಲ್ಲರಿಗೂ ನನ್ನ ನಮಸ್ಕಾರ ಹೇಳಿ ಕೂರುತ್ತಿದ್ದೇನೆ. ಸುಮಧ್ವ, ಹಾರಕ್ಕೆ ಕೊರಳೊಡ್ಡುವ ಮುಂಚೆ ಈ ಮೈಕಿಗೆ ಬಾ. ನಿನ್ನ ಊರಿಗೆ ಹೇಳು: ಆ ನಟ್ಟನ್ನು ತಿರುಗಿಸಿದವರು ಯಾರು?