ನಾಲ್ಕನೇ ಮಾಳಿಗಿಗೆ ಹೋದ ಲಿಫ್ಟ್

ದೀಪಾ ಸಣ್ಣದ ಮಾಡ್ರಿ... ಹಾಂ. ಇದು ನಮ್ಮ ಕಾಕಾನ ಮಗ ಸತ್ಯಪ್ಪಗ ಆಗಿದ್ದು. ನಿಪ್ಪಾಣ್ಯಾಗ, ತೊಂಬತ್ತಾರನೇ ಇಸವಿ.

ಅವತ್ತ ಕತ್ತಲಾದ ಮ್ಯಾಲ ಬಸ್ ಇಳದು ಮನಿಗೆ ನಡಕೋತ ಹೊಂಟಿದ್ದೆ. ತಂಬಾಕು ತುಂಬಿಡೂ ವಖಾರಿ ಹಿಂದ ಒಂದು ಹಾಳಬಾವಿ. ಅದರ ಕಟ್ಟಿ ಮ್ಯಾಲ ಸತ್ಯಪ್ಪ ಕುಂತಿದ್ದ. ಒಂದ ಕಾಲಾಗ ಚಪ್ಪಲಿ ಇಲ್ಲ.

"ಏನಾತೋ?"

"ಶ್... ಕೇಳು. ನಿಂತೈತೇನು?"

ವಖಾರಿ ಒಳಗ ಗುಂಯ್ಯ್... ಅಂತಿತ್ತು. ಆಮ್ಯಾಲ ಕಟಕ್. ಆಮ್ಯಾಲ ಏನೂ ಇಲ್ಲ.

ಆಗ ಬಾಯಿ ಬಿಟ್ಟ.

ಆ ವಖಾರಿ ಲಿಫ್ಟ್ ಹನ್ನೆರಡು ವರ್ಷ ಸತ್ಯಪ್ಪನ ಕೈಯಾಗ ಇತ್ತು. ಹ್ಯಾಂಡಲ್ ತಿರುವಿ ತಂಬಾಕಿನ ಬೋದ, ಅಂದ್ರ ದೊಡ್ಡ ದೊಡ್ಡ ಗಂಟು, ಏರಸವ, ಇಳಸವ. ಆ ವರ್ಷ ಮಾಲಕ ದಾದಾಸಾಹೇಬ ಪುಣೆಯಿಂದ ಹೊಸಾ ಮಶೀನ್ ತರಿಸಿದ. ಬಾಗಿಲಕ್ಕ ವಿದ್ಯುತ್ ಕಣ್ಣು, ತಳಕ್ಕ ತೂಕದ ಕಾಟಾ, ಗ್ವಾಡಿಗೆ ಒಂದು ಕಂಪ್ಯೂಟರ್ ಡಬ್ಬಿ. ಯಾವ ಹೊತ್ತಿಗೆ ಯಾವ ಮಾಳಿಗಿಂದ ಕರೀತಾರ ಅನ್ನೂದ ನೋಡಿ ನೋಡಿ ಕಲೀತಿತ್ತದು. ಆಮ್ಯಾಲ ಕರೀಯೂಕಿಂತ ಮೊದಲ ತಾನ ಹೋಗಿ ನಿಂದರತಿತ್ತು. ಅದನ್ನ ನೋಡಕೊಳ್ಳಾಕ ಐಟಿಐ ಕಲತ ಮಲಕಾರಿ ಅನ್ನವನ್ನ ಇಟ್ರು. ಸತ್ಯಪ್ಪಗ ಕಸಬರಿಗಿ ಕೊಟ್ರು.

"ಸತ್ಯಪ್ಪನಕಿಂತ ಶಾಣೇ ಐತಲ್ರೀ ಇದು!" ಅಂತ ತಂಬಾಕು ಆರಸೂ ಗೌರಾಬಾಯಿ ನಕ್ಕಳಂತ. ಆ ಮಾತು ಮುಳ್ಳಾಗಿ ನಟ್ಟತು. ಊಟಾ ಸೇರವಲ್ದು. ಕಡೀಕ ಒಂದು ಹಂಚಿಕಿ ಹಾಕಿದ... ಮಶೀನಿಗೆ ತಪ್ಪ ಕಲಸೂದು!

ಸಂಜಿ ಏಳಕ್ಕ ಲಾರಿ ಬರತಿತ್ತು. ಅದೇ ಹೊತ್ತಿಗೆ ಸತ್ಯಪ್ಪ ಕಳ್ಳಹೆಜ್ಜಿ ಇಟ್ಟು ಮೂರನೇ ಮಾಳಿಗಿಗೆ ಹೋಗಿ ಬಟನ್ ಒತ್ತತಿದ್ದ. ದಿನಾ. ಹತ್ತು ದಿನದಾಗ ಲಿಫ್ಟ್ ತಾನ ಮ್ಯಾಲ ಹೋಗಿ ಸುಮ್ಮನ ನಿಂದರಾಕ ಹತ್ತತು. ಕೆಳಗ ಲಾರಿಯವರು ಒದರಾಡತಿದ್ರು.

"ಕಾಯ್ ರೇ, ಏನೋ ಮಲಕಾರಿ, ನಿನ್ನ ಮಶೀನಿಗೆ ಹುಚ್ಚ ಹಿಡದೈತೇನು?" ಅಂತ ಎಲ್ಲಾರ ಮುಂದ ದಾದಾಸಾಹೇಬ ಬೈದ. ಸತ್ಯಪ್ಪನ ಹೊಟ್ಟಿ ತಣ್ಣಗಾತು.

ಅಷ್ಟಕ್ಕ ಬಿಡಬೇಕಿತ್ತು. ಬಿಡಲಿಲ್ಲ.

ಅವತ್ತೂ ಮೂರನೇ ಮಾಳಿಗ್ಯಾಗ ನಿಂತು ಬಟನ್ ಒತ್ತಿದ. ಲಿಫ್ಟ್ ಬಂತು... ನಿಂದರಲಿಲ್ಲ. ಇವನ್ನ ದಾಟಿ ಮ್ಯಾಲ ಹೋತು. ನಾಲ್ಕನೇದಕ್ಕ. ಅದಕ್ಕ ಮೂರು ವರ್ಷದಿಂದ ಕೀಲಿ. ಮ್ಯಾಲ ಬಾಗಿಲಾ ಸರ್ರ್ ಅಂತ ತೆರೀತು. ಒಂದು... ಎರಡು... ಮೂರು... ಸರ್ರ್ ಅಂತ ಮುಚ್ಚಿತು. ಇಳದು ಬಂದು ಇವನ ಮುಂದ ತೆರೀತು.

ಒಳಗ ಯಾರೂ ಇಲ್ಲ. ತೂಕದ ಕೆಂಪ ಅಂಕಿ ಮಾತ್ರ ಉರೀತಿತ್ತು. ನಲವತ್ತೆಂಟು ಕಿಲೋ.

ಕಾಟಾ ಕೆಟ್ಟೈತಿ ಅನಕೊಂಡು ಒಂದ ಕಾಲ ಒಳಗಿಟ್ಟ. ಅಷ್ಟರಾಗ ಯಾರೋ ಒಂದು ಬಾಜೂಕ ಸರದಂಗ ಹಲಗಿ ಕಿರ್ರ್ ಅಂತು... ಜಾಗಾ ಬಿಟ್ಟಂಗ. ಸತ್ಯಪ್ಪ ಕಾಲ ಕಿತ್ತ. ಚಪ್ಪಲಿ ಒಳಗ ಉಳೀತು. ಮೆಟ್ಟಿಲಾ ಇಳದು ಬಾವಿತನಕಾ ಓಡಿ ಬಂದಿದ್ದ.

ಮರುದಿನ ನಾನ ಅವನ್ನ ಕರಕೊಂಡು ಮಲಕಾರಿ ಹತ್ರ ಹೋದೆ. ಸತ್ಯಪ್ಪ ತಪ್ಪ ಒಪ್ಪಕೊಂಡ. "ನನ್ನ ಕೈಯಾಗಿಂದ ಕಸಗೊಂಡ್ರಲ್ಲ, ತಡಕೊಳ್ಳಾಕ ಆಗಲಿಲ್ಲೋ."

ಮಲಕಾರಿ ಸಿಟ್ಟಾಗಲಿಲ್ಲ. ಭಾಳ ಹೊತ್ತು ಡಬ್ಬಿ ನೋಡಿದ. "ಮೂರನೇದ್ದು ನೀ ಕಲಿಸಿದಿ, ಸತ್ಯಪ್ಪಣ್ಣಾ. ಆದ್ರ ನಾಲ್ಕನೇದ್ದು? ಯಾರರ ದಿನಾ ಕರದ್ರಷ್ಟ ಕಲೀತೈತಿದು. ನಾ ಎರಡ ಸಲ ಅಳಿಸೇನಿ... ಮತ್ತ ಕಲತೈತಿ."

ಹೊರಗ ಬಂದ ಮ್ಯಾಲ ಸತ್ಯಪ್ಪ ನನ್ನ ಕಿವ್ಯಾಗ ಒಂದು ಮಾತು ಅಂದ. ಅದನ್ನ ನಾ ಇವತ್ತಿಗೂ ಮರತಿಲ್ಲ.

"ಹನ್ನೆರಡು ವರ್ಷ ನಾನೂ ಅಲ್ಲೇ ಇದ್ನಲ್ಲೋ... ಮ್ಯಾಲಿಂದ ನನ್ನ ಯಾಕ ಒಮ್ಮೆನೂ ಕರೀಲಿಲ್ಲ?"

ಆ ವಾರದಾಗ ಅವ ಬೋರಗಾಂವಕ್ಕ ಮಗ್ಗದ ಕೆಲಸಕ್ಕ ಹೋಗಿಬಿಟ್ಟ. ನಾ ಅವನ ಬಾಕಿ ಸಾಮಾನ ತರಾಕ ಒಂದ ಸಂಜಿ ವಖಾರಿಗೆ ಹೋಗಿದ್ದೆ. ಲಿಫ್ಟ್ ಇಳದು ಬಂತು. ಬಾಗಿಲಾ ತೆರೀತು. ಒಳಗ ಯಾರೂ ಇರಲಿಲ್ರಿ, ನನ್ನ ಕಣ್ಣಾಣೆ. ಮಲಕಾರಿ ನನ್ನ ತೋಳ ಹಿಡದು ಮೆಲ್ಲಕ ಒಂದ ಹೆಜ್ಜಿ ಹಿಂದ ಎಳದ.

"ದಾರಿ ಬಿಡ್ರಿ," ಅಂದ.

ನಾ ಬಿಟ್ಟೆ.