ಎಕ್ಕಿ ಗಿಡ ಮತ್ತು ಎರಡನೇ ಸಹಿ

ಬರೇ ಸಹಿ ಅಂತ ಮಾತ್ರ ಅನಬ್ಯಾಡ ಪಲ್ಲವಿ, ನನಗ ಸಿಟ್ಟು ಬರ್ತೈತಿ. ನಿಮ್ಮಜ್ಜ, ನನ್ನ ತಮ್ಮ, ಅಂವನೂ ಹಂಗ ಅಂತಿದ್ದ. ಮೊದಲನೇ ಸಹಿ ಲಗ್ನ ಆಗ್ತೇವಿ ಅನ್ನೂ ಅರ್ಜಿ, ಮುಂದಿನ ವಾರ ರಜಿಸ್ಟ್ರಾರ್ ಮುಂದ ಎರಡನೇ ಸಹಿ ಮಾಡಿದಿ ಅಂದ್ರ ಗೋವಾದ ಕಾಯ್ದೆ ಪ್ರಕಾರ ನೀ ಅವನ ಹೆಂಡ್ತಿ. ದೀಪಾವಳಿ ಆದಮ್ಯಾಲ ಲಗ್ನ ಅಂತೀಯಲ್ಲ, ಅದು ಊಟ ಅಷ್ಟ. ನನ್ನ ಲಗ್ನದ ಕಾಲಕ್ಕ ನಮ್ಮ ಮಂದಿಗೆ ಇದು ತಿಳದಿದ್ದಿಲ್ಲ. ನನಗ ತಿಳದಿತ್ತು. ಈ ಮಂಗೋರ್ ಹಿಲ್‌ನ್ಯಾಗ ಕಾನ್ವೆಂಟ್ ಕಲ್ತ ಮೊದಲನೇ ಕನ್ನಡದ ಹುಡುಗಿ ನಾನ. ಮೊದಲನೇದಾಕಿ ಅಲ್ಲ, ಎರಡನೇದಾಕಿ, ಮೊದಲನೇದಾಕಿ ಏಳನೇತ್ತಕ್ಕ ಬಿಟ್ಲು. ಸಹಿ ಮಾಡೂ ಮುಂದ ಒಂದೊಂದು ಸಾಲು ಓದಿದ್ದೆ. ನನ್ನ ಗಂಡ ಆಗಾವರು ನಕ್ಕೋತ, "ಪರೀಕ್ಷಾ ಐತೇನ್ರಿ ಬಾಯಾರ?" ಅಂದಿದ್ರು.

ಆಷಾಢ ಹತ್ತಿತ್ತು ನೋಡು, ತಾಳಿ ಶ್ರಾವಣಕ್ಕ ಅಂತ ಹಿರ್ಯಾರು ಅಂದ್ರು. ಎರಡನೇ ಸಹಿ ಆಗಿ ಹನ್ನೊಂದು ದಿನ. ಕೊರ್ಲಿಮ್ ಫ್ಯಾಕ್ಟರಿಗೆ ಹೊಂಟವರು ಮಳ್ಯಾಗ ಮೋಟರ್‌ಸೈಕಲ್ ಜಾರಿ ಬಿದ್ರು. ಮತ್ತ ಏಳಲಿಲ್ಲ. ನಾ ಅವರ ಮನಿಗೆ ಹೋದೆ, ಇಸ್ತ್ರಿ ಸೀರಿ ಉಟ್ಟು, ಫೈಲಿನ್ಯಾಗ ಲಗ್ನದ ಸರ್ಟಿಫಿಕೇಟ್ ಇಟ್ಕೊಂಡು. ಅದನ್ಯಾಕ ಒಯ್ದೆ ಅಂತ ಕೇಳಬ್ಯಾಡ, ಒಯ್ದೆ. ಅಂಗಳದಾಗ ಅವರ ತಾಯಿ ಎದಿ ಬಡಕೊಂಡು ಅಳಾಕತ್ತಿದ್ರು, "ನನ್ನ ಮಗಾ ಲಗ್ನ ಇಲ್ದ ಹೊಂಟಾನ್ರೋ, ಹಂಗ ಕಳಸಬ್ಯಾಡ್ರೋ!" ಲಗ್ನ ಆಗದ ಸತ್ತ ಗಂಡಸಿಗೆ ಎಕ್ಕಿ ಗಿಡದ ಜೋಡಿ ಲಗ್ನ ಮಾಡಿ ಮಣ್ಣಿಗೆ ಒಯ್ಯೂದು ಅವರ ಪದ್ಧತಿ. ಅವರ ಕಾಕಾ ರೈಲ್ವೆ ಹಳಿ ಕಡಿಂದ ಗಿಡ ಕಿತ್ತು ತಂದ್ರು. ಬೇರಿಗೆ ಕೆಂಪು ಮಣ್ಣು ಹಂಗ ಇತ್ತು. ನಾ ಮುಂದ ಹೋಗಿ, "ಕ್ಷಮಿಸ್ರಿ. ಅವರ ಲಗ್ನ ಆಗೇತಿ. ನಾನ ಹೆಂಡ್ತಿ" ಅಂತ ಕಾಗದ ಎತ್ತಿ ತೋರಿಸ್ದೆ. ಕಾಕಾ ಅದನ್ನ ಹಿಂದ ಮುಂದ ತಿರುವಿ ನೋಡಿ, "ಇದಕ್ಕ ಅಕ್ಕಿಕಾಳು ಯಾರು ಹಾಕ್ಯಾರವಾ ತಂಗಿ? ಸಹಿ ಅಂದ್ರ ನಿಶ್ಚಯ ಇದ್ದಂಗ" ಅಂದ್ರು. "ಕಾಯ್ದೆದಾಗ ಹಂಗಿಲ್ರಿ" ಅಂದೆ. ಅವರ ತಾಯಿ ತಲಿ ಎತ್ತಿ ನನ್ನ ಕೊಳ್ಳು ನೋಡಿದ್ರು, ಮಾರಿ ನೋಡಿದ್ರು. "ಹೆಂಡ್ತಿ ಅಂತಿ. ತಾಳಿ ಎಲ್ಲೈತಿ? ಹೋಗಲಿ, ಕಣ್ಣಾಗ ನೀರರ ಎಲ್ಲೈತಿ?"

ಮಂದಿ ಮುಂದ ಅಳಬಾರದು ಅಂತ ನಮಗ ಸಾಲ್ಯಾಗ ಕಲಿಸಿದ್ರು. ನೆಟ್ಟಗ ನಿಂತೆ. ಅತ್ತಿದ್ರ ಒಪ್ಪತಿದ್ರೇನೋ, ಯಾರಿಗೆ ಗೊತ್ತು. ಗಿಡಕ್ಕ ಅರಿಶಿಣ ಹಚ್ಚಿ ದಾರ ಕಟ್ಟಿ ಎಲ್ಲಾರೂ ಅಕ್ಕಿಕಾಳು ಹಾಕಿದ್ರು. ಯಾರೋ ನನ್ನ ಕೈಯಾಗೂ ನಾಕ ಕಾಳು ಕೊಟ್ಟರು. ಹಾಕಿದೆ. ನನ್ನ ಗಂಡನ ಲಗ್ನಕ್ಕ ನಾನೂ ಅಕ್ಕಿಕಾಳು ಹಾಕಿ ಬಂದೆ.

ಆಮ್ಯಾಲ ನಮ್ಮವ್ವ, "ಆ ಕಾಗದ ಹರದು ಒಗಿ, ಕನ್ಯಾ ಅಂತ ಹೇಳಿ ಕೊಡ್ತೇವಿ" ಅಂದ್ಲು. ಒಂದು ಸಂಬಂಧ ಬಂತು, ಚಲೋ ಮಂದಿ. ಮತ್ತ ಅದ ರಜಿಸ್ಟ್ರಾರ್ ಆಫೀಸು. ಅಲ್ಲಿ ಬರ್ಕೊಳ್ಳೂ ಕ್ಲಾರ್ಕ್ ಬಾಯಿ, "ಕುಮಾರಿ ಅಂತ ಬರೀಲೇನು?" ಅಂತ ಕೇಳಿದ್ಲು. "ವಿಧವೆ" ಅಂದೆ. ಆಕಿ ಹಳೇ ಪುಸ್ತಕ ತಗದು ನೋಡಿ, "ಹೌದು, ಇಲ್ಲೈತಿ" ಅಂದ್ಲು. ಅಷ್ಟು ಮಂದ್ಯಾಗ ನನ್ನ ಅವರ ಹೆಂಡ್ತಿ ಅಂದಾಕಿ ಆಕಿ ಒಬ್ಬಾಕಿನ. ಹುಡುಗನ ಕಡ್ಯಾವ್ರು ಎದ್ದು ಹೋದ್ರು.

ಓಣ್ಯಾಗ ಇವತ್ತೂ ಅರಿಶಿಣ-ಕುಂಕುಮಕ್ಕ ಕರೀತಾರ, ಹುಡುಗ್ಯಾರ ಸಾಲಿನ್ಯಾಗ ಕೂಡಸ್ತಾರ. ಅರವತ್ತೆಂಟು ವರ್ಷದ ಕನ್ಯಾ! ಹೋದ ಸರ್ತಿ ಮಗ್ಗಲದ ಕೂಸು, "ಅಜ್ಜಿ, ನಿನ್ನ ಲಗ್ನ ಯಾವಾಗ?" ಅಂತು. ಎಲ್ಲಾರೂ ನಕ್ಕರು, ನಾನೂ ನಕ್ಕೆ. ಮನಿಗೆ ಬಂದು ಕುಂಕುಮ ಒರಸ್ಕೊಂಡು ಒಬ್ಬಾಕಿನ ಚಾ ಕುಡದೆ.

ಅದಕ್ಕ ಹೇಳಾಕತ್ತೇನಿ, ಸಹಿ ಆದ ದಿನಾನ ನಿಮ್ಮತ್ತೀ ಮನಿಗೆ ಹೋಗಿ ತಲಿ ಮ್ಯಾಲ ನಾಕ ಅಕ್ಕಿಕಾಳು ಹಾಕಿಸ್ಕೋ. ಸರಕಾರ ಬರಕೊಂಡ್ರ ಸಾಲೂದಿಲ್ಲ, ಮನಿ ಮಂದಿ ಕಣ್ಣಿಲೆ ನೋಡಿರಬೇಕು. ಏನು, ಅವರ ಹೆಸರಾ? ಗಂಡನ ಹೆಸರು ಬಾಯಿಲೆ ಹೇಳಬಾರದು. ಫೈಲಿನ್ಯಾಗ ಐತಿ, ಓದ್ಕೋ.