ಆರು ಗಂಟೆಗೆ ಸತ್ತ ಕಾರ್ಡು

ಮತ್ತೆ ಎದ್ದು ಬಂದೆಯಾ ಮರಿ? ನೀರು ಕುಡಿದಾಯಿತು, ದಿಂಬು ತಿರುಗಿಸಿದ್ದಾಯಿತು, ಇನ್ನೇನು ಬಾಕಿ? ಹೋಗಿ ಮಲಗು. ಈ ಮನೆಯಲ್ಲಿ ಒಂದು ಮಾತು ನೆಟ್ಟಗೆ ಮುಗಿಯುವುದಿಲ್ಲ.

ಹಾಂ... ನಿಮಗೆ ಹೇಳುತ್ತಿದ್ದೆನಲ್ಲ, ಸುಬ್ಬು. ನಮ್ಮ ಚಿಕ್ಕಪ್ಪನ ಮಗ. ಪ್ರಿನ್ಸ್‌ಟನ್ ಹತ್ತಿರದ ಒಂದು ಆಫೀಸಿನಲ್ಲಿ ಸರ್ವರ್ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ. ೨೦೦೯ರ ಜನವರಿ. ದಿನಾ ಯಾರನ್ನಾದರೂ ಕೆಲಸದಿಂದ ತೆಗೆಯುತ್ತಿದ್ದ ಕಾಲ. ಒಂದು ರಾತ್ರಿ ರೈಲಿಳಿದು, ಹೆಪ್ಪುಗಟ್ಟಿದ ಕೊಳದ ಪಕ್ಕ ನಡೆದು, ತನ್ನ ಮನೆಗೆ ಹೋಗದೆ ನಮ್ಮ ಮೆಟ್ಟಿಲ ಮೇಲೆ ಬಂದು ಕೂತ. ಬೆನ್ನ ಹಿಂದೆಯೇ ಸದ್ದು ಬರುತ್ತಿದೆ ಅಂದ. ಟೀಂಕ್... ಟೀಂಕ್... ಕಾರ್ಡು ನಡೆಯದಿದ್ದಾಗ ಆಫೀಸಿನ ಬಾಗಿಲು ಕೂಗುವ ಸದ್ದು.

ಹಿಂದಿನ ದಿನ ಅದೇ ಆಫೀಸಿನ ಸತ್ಯನಾರಾಯಣ ಅಂಕಲ್ ಕೆಲಸ ಹೋಗಿತ್ತು. ಫೋನ್ ಕಿತ್ತುಕೊಂಡರು, ಕಾರ್ಡು ಕೇಳಲು ಮರೆತರು. ಬಾಗಿಲಿನ ಕಂಪ್ಯೂಟರು ಯಾರನ್ನು ಒಳಗೆ ಬಿಡಬೇಕು ಎಂಬ ಪಟ್ಟಿಯ ನಕಲು ಇಟ್ಟುಕೊಂಡಿರುತ್ತದಂತೆ. ಗಡುವು ಮುಗಿದರೆ ಅದನ್ನು ಎಸೆದು ಹೊಸದು ತರುತ್ತದೆ. ಅವತ್ತಿನ ಗಡುವು ಲಂಡನ್ನಿನ ಸಂಜೆ ಆರು ಗಂಟೆ, ಅಂದರೆ ನಮ್ಮ ಮಧ್ಯಾಹ್ನ ಒಂದು. ಬೆಳಿಗ್ಗೆ ಸುಬ್ಬು ಲಂಡನ್ ಟೈಮಿನಲ್ಲಿದ್ದ ಸರ್ವರಿನ ಗಡಿಯಾರವನ್ನು ನ್ಯೂಯಾರ್ಕ್ ಟೈಮಿಗೆ ತಿರುಗಿಸಿದ್ದ. ಅಂಕಲ್ ಹೆಸರಿದ್ದ ಹಳೆಯ ನಕಲನ್ನು ಅಳಿಸಲಿಲ್ಲ. ಹಾಗಾಗಿ ಅದು ನಮ್ಮ ಸಂಜೆ ಆರರ ತನಕ ಬದುಕಿತು.

ಅವತ್ತೇ ಸಂಜೆ, ಆರಕ್ಕೆ ಸ್ವಲ್ಪ ಮುಂಚೆ, ಅಂಕಲ್ ತಮ್ಮ ಸ್ವೆಟರ್ ತರಲು ಸರ್ವರ್ ರೂಮಿಗೆ ಹೋದರು. ಬಾಗಿಲು ಬಿಟ್ಟಿತು. ಒಳಗಿದ್ದಾಗಲೇ ಆರಾಯಿತು. ಹೊರಗೆ ಬರಲೂ ಕಾರ್ಡೇ ಬೇಕು.

ಟೀಂಕ್...

ಗಾಜಿನ ಈಚೆ ಸುಬ್ಬು ನಿಂತಿದ್ದ.

"ತೆಗೆಯಪ್ಪ" ಅಂದರಂತೆ. ಮೆಲ್ಲಗೆ.

ತೆಗೆದರೆ, ಒಳಗೆ ಹೇಗೆ ಹೋದರು ಅಂತ ಕೇಳುತ್ತಾರೆ. ಗಡಿಯಾರದ ತಪ್ಪು ಸಿಗುತ್ತದೆ. ಕೆಲಸ ಹೋದರೆ ವೀಸಾನೂ ಹೋಯಿತು, ಹೆಂಡತಿ ಕಲಾಗೆ ಆಗ ಏಳು ತಿಂಗಳು. ಸುಬ್ಬು ಕೋಟು ಹಾಕಿಕೊಂಡು ರೈಲು ಹಿಡಿದ.

"ಬೆಳಿಗ್ಗೆ ಯಾರಾದರೂ ತೆಗೀತಾರೆ ಅಂದುಕೊಂಡೆ ಅಕ್ಕ."

"ತೆಗೆದರಲ್ಲ. ಹೆಣ ತೆಗೆದರು" ಅಂದೆ ನಾನು.

ಸರ್ವರ್ ರೂಮಿನ ಆ ಚಳಿ ಯಂತ್ರಗಳಿಗೆ, ಮನುಷ್ಯರಿಗಲ್ಲ. ಆಫೀಸಿನವರು ಹಾರ್ಟ್ ಅಟ್ಯಾಕ್ ಅಂದರು. ಸುಬ್ಬು ಕೆಲಸ ಉಳಿಯಿತು. ಕಲಾಗೆ ಏನೂ ಹೇಳಬೇಡ ಅಂತ ನನ್ನ ಕೈ ಹಿಡಿದುಕೊಂಡ.

ಅದೇ ವರ್ಷ ಜುಲೈನಲ್ಲಿ ಒಂದು ಬೆಳಿಗ್ಗೆ ಕಲಾ ಫೋನ್ ಮಾಡಿದಳು. ಓಡಿದೆ. ಸುಬ್ಬು ಬಾತ್‌ರೂಮಿನ ಒಳಗೆ ಬಾಗಿಲಿಗೆ ಒರಗಿ ಕೂತಿದ್ದ. ಉಸಿರಿರಲಿಲ್ಲ. ಮನೆಯೆಲ್ಲ ಧಗೆ, ನನ್ನ ಬೆನ್ನ ಮೇಲೆ ಬೆವರು. ಅವನ ಬೆರಳ ತುದಿ ನೀಲಿ, ಹುಬ್ಬಿನ ಮೇಲೆ ಮಂಜಿನ ಪುಡಿ. ನಂಬದಿದ್ದರೆ ಬಿಡಿ, ಅದನ್ನು ಒರೆಸಿದವಳು ನಾನೇ.

ಕಲಾ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ನನ್ನನ್ನೇ ನೋಡಿದಳು.

"ಚಿಲಕವೇ ಹಾಕಿರಲಿಲ್ಲ ಅಕ್ಕ. ರಾತ್ರಿಯಿಡೀ ತೆಗಿ, ತೆಗಿ ಅಂದರು, ನಾನು ಕನಸು ಅಂದುಕೊಂಡೆ. ಅವರೇ ಯಾಕೆ ತೆಗೆದುಕೊಳ್ಳಲಿಲ್ಲ?"